ಕಂಚಿನ ಕೆಂಪೇಗೌಡ, ಕಿಸೆಯ ಬಸವಣ್ಣ

2025ರ ಡಿಸೆಂಬರ 17ರ ರಾತ್ರಿ ದಿಲ್ಲಿಯ ಮಗ್ಗುಲಿನ ನೋಯ್ಡಾದಲ್ಲಿ ಶಿಲ್ಪಿ ರಾಮ ವಂಜಿ ಸುತಾರ ಅವರು ಕಾಲವಾದರು. ಅವರಿಗೆ ನೂರು ವರ್ಷ ತುಂಬಿ ಹತ್ತು ತಿಂಗಳಾಗುತ್ತ ಬಂದಿದ್ದವು. ನಮ್ಮ ಮುರುಮದಲ್ಲಿ ಕನ್ನಡ, ಮರಾಠಿ ಎರಡೂ ಪತ್ರಿಕೆಗಳು ಒಂದೇ ಚಹದಂಗಡಿಯ ಬಾಕಿನ ಮೇಲೆ ಬಿದ್ದಿರುತ್ತವೆ. ಕನ್ನಡ ಓದುವವರು, ಬೆಂಗಳೂರಿನ ಕೆಂಪೇಗೌಡರ ಮೂರ್ತಿ ಮಾಡಿದವರು ಹೋದರು ಎಂದರು. ಮರಾಠಿ ಓದುವವರು, ಮಾಲವಣದ ಶಿವರಾಯರ ಮೂರ್ತಿ ಮಾಡಿದವರು ಹೋದರು ಎಂದರು. ಹೋದವರು ಒಬ್ಬರೇ. ಎರಡೂ ಕಡೆಯವರು ಅವರನ್ನು ‘ನಮ್ಮವರು’ ಎಂದರು, ಎರಡೂ ನಿಜ. ಗಡಿಯಲ್ಲಿ ಬಾಳುವ ನಮಗೆ ಇಂಥ ಸುಖ ಅಪರೂಪಕ್ಕೆ ಸಿಗುತ್ತದೆ.

ಶಾಲೆಯ ವಾರ್ಷಿಕ ಸಂಚಿಕೆಗೆ ಕನ್ನಡದ ಮಾಸ್ತರರು ಒಬ್ಬ ಕವಿಯ ಬಗೆಗೋ ಒಂದು ಕಾವ್ಯದ ಬಗೆಗೋ ಬರೆಯುವುದು ರೂಢಿ. ಈ ಸಲ ಆ ರೂಢಿಯನ್ನು ಬಿಟ್ಟಿದ್ದೇವೆ. ಪ್ರತಿ ಜೂನ ತಿಂಗಳಲ್ಲಿ ಪ್ರವೇಶದ ವೇಳೆಗೆ ಪಾಲಕರು ನಮ್ಮನ್ನು ಎರಡು ಪ್ರಶ್ನೆ ಕೇಳುತ್ತಾರೆ. ‘ಕನ್ನಡ ಸಾಲ್ಯಾಗ ಕಲ್ತು ಮಹಾರಾಷ್ಟ್ರದಾಗ ಏನ್ ಮಾಡ್ತಾನ್ರಿ?’ ಎಂಬುದು ಒಂದು. ಮಗ ಚಿತ್ರ ತೆಗೆಯುವವನಾಗಿದ್ದರೆ, ‘ಇಂವಾ ಚಿತ್ರ ತಗದ್ರ ಹೊಟ್ಟಿ ತುಂಬ್ತದೇನ್ರಿ?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಮ್ಮ ಬಳಿ ರೂಢಿಯ ಉತ್ತರವಿದೆ. ಎರಡನೆಯದಕ್ಕೆ ಸುತಾರರ ಬದುಕನ್ನೇ ಹೇಳಬೇಕೆನ್ನಿಸಿತು.

ಸುತಾರ ಎಂದರೆ ಮರಾಠಿಯಲ್ಲಿ ಬಡಿಗ. ಅಡ್ಡಹೆಸರೇ ಮನೆತನದ ಕಸುಬನ್ನು ಹೇಳುತ್ತದೆ. ಧುಳೆ ಜಿಲ್ಲೆಯ ಗೋಂದೂರ ಎಂಬ ಹಳ್ಳಿಯಲ್ಲಿ, 1925ರ ಫೆಬ್ರುವರಿ 19ರಂದು, ವಿಶ್ವಕರ್ಮರ ಮನೆಯಲ್ಲಿ ಅವರು ಹುಟ್ಟಿದರು. ಉಳಿ, ಬಾಚಿ, ಕೊಡತಿಗಳ ಸಪ್ಪಳ ಹುಟ್ಟಿನಿಂದಲೇ ಕಿವಿಗೆ ಬಿದ್ದಿತ್ತು. ಆದರೆ ಸಪ್ಪಳ ಕೇಳಿದವರೆಲ್ಲ ಶಿಲ್ಪಿಗಳಾಗುವುದಿಲ್ಲ. ಹಾಗೆ ಆಗುವಂತಿದ್ದರೆ ನಮ್ಮ ಉಮರ್ಗಾ ತಾಲೂಕಿನಲ್ಲಿ ಎಷ್ಟು ಜನ ಶಿಲ್ಪಿಗಳಿರಬೇಕಾಗಿತ್ತು! ಶ್ರೀ ರಾಮಕೃಷ್ಣ ಜೋಶಿ ಎಂಬ ಗುರುಗಳು ಈ ಹುಡುಗನ ಕೈಯನ್ನು ಗುರುತಿಸಿದರು. ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಗೆ ಕಳುಹಿಸಿದವರೂ ಅವರೇ. ಅಲ್ಲಿ 1953ರಲ್ಲಿ ಮೂರ್ತಿರಚನೆಗಾಗಿ ಮೇಯೋ ಚಿನ್ನದ ಪದಕ ದೊರೆಯಿತು. ಸುತಾರರ ಮೂರ್ತಿಗಳ ಪಟ್ಟಿ ಎಲ್ಲ ಪತ್ರಿಕೆಗಳಲ್ಲಿ ಬಂದಿತು. ಜೋಶಿ ಗುರುಗಳ ಹೆಸರು ಎಷ್ಟು ಪತ್ರಿಕೆಗಳಲ್ಲಿ ಬಂದಿತೋ! ಮಾಸ್ತರಿಕೆ ಮಾಡುವ ನಮ್ಮ ಕಣ್ಣು ಸಹಜವಾಗಿ ಆ ಸಾಲನ್ನೇ ಹುಡುಕುತ್ತದೆ.

ಪದಕ ಗೆದ್ದವರು ಮೊದಲು ಎಲ್ಲಿಗೆ ಹೋದರೆಂದು ಬಲ್ಲಿರಾ? ನಮ್ಮ ಮರಾಠವಾಡಕ್ಕೇ ಬಂದರು. 1954ರಿಂದ 1958ರವರೆಗೆ ಪುರಾತತ್ತ್ವ ಇಲಾಖೆಯ ನೌಕರರಾಗಿ ಔರಂಗಾಬಾದಿನಲ್ಲಿದ್ದು, ಅಜಂತಾ ಮತ್ತು ವೇರೂಳದ ಗುಹೆಗಳಲ್ಲಿ ಮುರಿದ, ಸವೆದ ಶಿಲ್ಪಗಳನ್ನು ದುರಸ್ತಿ ಮಾಡಿದರು. ಆ ಕಾಲಕ್ಕೆ ಮರಾಠವಾಡ ಹೈದರಾಬಾದ ರಾಜ್ಯದಲ್ಲಿತ್ತು. 1956ರ ನವೆಂಬರ 1ರಂದು ರಾಜ್ಯ ಮೂರು ಹೋಳಾಗಿ, ನಮ್ಮ ಜಿಲ್ಲೆಯೂ ಔರಂಗಾಬಾದೂ ಮುಂಬಯಿ ರಾಜ್ಯಕ್ಕೆ ಬಂದವು. ಬೀದರ, ಕಲಬುರ್ಗಿಗಳು ಮೈಸೂರಿಗೆ ಹೋದವು. ಭೂಪಟದ ಮೇಲೆ ಗೆರೆ ಎಳೆಯುವ ಆ ದಿನಗಳಲ್ಲಿ ಈ ತರುಣ ಗುಹೆಯೊಳಗೆ ಕುಳಿತು ಸಾವಿರ ವರ್ಷ ಮಿಕ್ಕಿದ ಮೂರ್ತಿಗಳ ಬಿರುಕು ಮುಚ್ಚುತ್ತಿದ್ದರು.

ವೇರೂಳದ ಕೈಲಾಸ ದೇವಾಲಯ ಎಂಟನೆಯ ಶತಮಾನದ್ದು. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಹೆಸರು ಅದಕ್ಕೆ ಅಂಟಿಕೊಂಡಿದೆ. ಅದೇ ರಾಷ್ಟ್ರಕೂಟರ ರಾಜಧಾನಿ ಮುಂದೆ ಮಾನ್ಯಖೇಟವಾಯಿತು. ಇಂದಿನ ಕಲಬುರ್ಗಿ ಜಿಲ್ಲೆಯ ಮಳಖೇಡ. ತಮ್ಮನ್ನು ಅವರು ಲಟ್ಟಲೂರಿನ ಒಡೆಯರೆಂದು ಶಾಸನಗಳಲ್ಲಿ ಕರೆದುಕೊಂಡರು. ಅದು ನಮ್ಮ ಪಕ್ಕದ ಲಾತೂರು. ಹೀಗಿರುವಾಗ ಆ ಗುಡಿ ಯಾರದು, ಕನ್ನಡದ್ದೋ ಮರಾಠಿಯದೋ ಎಂದು ಜಗಳಾಡುವವರನ್ನು ನಾವು ಬಲ್ಲೆವು. ಸುತಾರರಿಗೆ ಆ ಜಗಳಕ್ಕೆ ಪುರುಸೊತ್ತಿರಲಿಲ್ಲ. ದುರಸ್ತಿ ಕೆಲಸ ಬಲು ಕಠಿಣ. ತನ್ನ ಕೈ ಕಾಣಿಸಬಾರದು, ಹಳೆಯ ಶಿಲ್ಪಿಯ ಕೈ ಮಾತ್ರ ಕಾಣಬೇಕು. ಮುರಿದ ಬೆರಳು ಯಾವ ಕಡೆಗೆ ಬಾಗಿತ್ತೆಂಬುದನ್ನು ಉಳಿದ ಮುಂಗೈಯ ಸೆಳೆತದಿಂದಲೇ ತಿಳಿಯಬೇಕು. ನಾಲ್ಕು ವರ್ಷ ಇನ್ನೊಬ್ಬರ ಕೈಯನ್ನು ಓದಿದ್ದು ಎಂಥ ವಿದ್ಯಾಲಯಕ್ಕೂ ಕಡಿಮೆಯಲ್ಲವೆಂದು ನಮ್ಮ ಎಣಿಕೆ. ಹಳೆಗನ್ನಡದ ಪದ್ಯವನ್ನು ಅನ್ವಯಿಸಿ ಓದಿರೆಂದು ನಾವು ನಿಮಗೆ ಪೀಡಿಸುವುದೂ ಇದಕ್ಕೇ. ಮುರಿದ ಕಡೆಯಿಂದ ಇಡೀ ಅರ್ಥವನ್ನು ಹಿಡಿಯುವುದು ಎರಡೂ ಕಡೆ ಒಂದೇ.

ಮುಂದೆ ದಿಲ್ಲಿಯಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಖಾತೆಯಲ್ಲಿ ಒಂದು ವರ್ಷ ಕೆಲಸ ಮಾಡಿ, 1959ರಲ್ಲಿ ಸರಕಾರಿ ನೌಕರಿ ಬಿಟ್ಟರು. ಪಿಂಚಣಿಯ ನೌಕರಿಯನ್ನು ಬಿಟ್ಟು ಮಣ್ಣು ಕಲಸಲು ಕುಳಿತವರನ್ನು ಅಂದಿನ ನೆಂಟರಿಷ್ಟರು ಏನೆಂದಿರಬಹುದೆಂದು ಊಹಿಸಬಲ್ಲೆವು.

ಹೆಸರು ತಂದದ್ದು ಚಂಬಲ ನದಿ. ಮಧ್ಯಪ್ರದೇಶದ ಮಂದಸೌರ ಜಿಲ್ಲೆಯಲ್ಲಿ ಗಾಂಧಿಸಾಗರ ಅಣೆಕಟ್ಟು 1960ರಲ್ಲಿ ಮುಗಿಯಿತು. ಅಲ್ಲಿ ಸುತಾರರು 45 ಅಡಿಯ ಚಂಬಲದೇವಿಯನ್ನು ಕೆತ್ತಿದರು. ಎರಕವಲ್ಲ, ಜೋಡಣೆಯಲ್ಲ, ಒಂದೇ ಕಾಂಕ್ರೀಟಿನ ಗಡ್ಡೆಯನ್ನು ಉಳಿ ಹಿಡಿದು ಕಡೆದು ತೆಗೆದದ್ದು. ದೇವಿಯ ಬದಿಗೆ ಇಬ್ಬರು ಮಕ್ಕಳು. ಒಬ್ಬ ಮಧ್ಯಪ್ರದೇಶ, ಇನ್ನೊಬ್ಬ ರಾಜಸ್ಥಾನ. ಒಂದೇ ನದಿಯ ನೀರು ಉಣ್ಣುವ ಎರಡು ರಾಜ್ಯಗಳು ಒಬ್ಬ ತಾಯಿಯ ಮಕ್ಕಳು ಎಂಬುದು ಅದರ ಭಾವ. ನೆಹರೂ ಅವರು ಮೆಚ್ಚಿಕೊಂಡರು.

ಸುತಾರರ ಎಲ್ಲ ಕೃತಿಗಳಲ್ಲಿ ನಮ್ಮ ಮನಸ್ಸು ನಿಲ್ಲುವುದು ಇಲ್ಲಿ. ಇದಕ್ಕಿಂತ ಎರಡು ಪಟ್ಟು, ಹದಿಮೂರು ಪಟ್ಟು ಎತ್ತರದ್ದನ್ನು ಮುಂದೆ ಅವರು ಮಾಡಿದರು. ಆದರೆ ಗಡಿಯ ಬಗ್ಗೆ ಇಷ್ಟು ಸರಳವಾಗಿ ಹೇಳಿದ್ದು ಇನ್ನೊಂದಿಲ್ಲ. ಭಾಷಾವಾರು ಪ್ರಾಂತಗಳು ಆಗಿ ನಾಲ್ಕೇ ವರ್ಷ. ಊರೂರಿಗೆ ‘ನೀವು ಯಾರ ಕಡೆ’ ಎಂಬ ಪ್ರಶ್ನೆ. ನಮ್ಮ ಉಮರ್ಗಾ, ನಿಲಂಗಾ, ಉದಗೀರದ ಹಿರಿಯರನ್ನು ಕೇಳಿದರೆ ಆ ದಿನಗಳ ಬಿಸಿಯನ್ನು ಇಂದಿಗೂ ಹೇಳುತ್ತಾರೆ. ಇಬ್ಬರು ಮಕ್ಕಳಿದ್ದ ಮನೆಯಲ್ಲಿ ಒಬ್ಬ ಕನ್ನಡ ಶಾಲೆಗೆ, ಒಬ್ಬ ಮರಾಠಿ ಶಾಲೆಗೆ ಹೋದದ್ದುಂಟು. ಅವ್ವ ಇಬ್ಬರಿಗೂ ಒಂದೇ ಹಂಚಿನ ಮೇಲಿನ ರೊಟ್ಟಿ ಬಡಿಸಿದ್ದುಂಟು. ಚಂಬಲದೇವಿಯ ಚಿತ್ರವನ್ನು ಕಂಡಾಗಲೆಲ್ಲ ನಮಗೆ ನೆನಪಾಗುವುದು ಆ ಅವ್ವಂದಿರೇ.

ಗಾಂಧೀಜಿಯವರ ಮುಖವನ್ನು ಸುತಾರರು ಜೀವಮಾನವಿಡೀ ಮಾಡಿದರು. ಅವರು ರಚಿಸಿದ ಎದೆಮಟ್ಟದ ಪ್ರತಿಮೆ ಭಾರತದ ಕಾಣಿಕೆಯಾಗಿ ಅನೇಕ ದೇಶಗಳಿಗೆ ಹೋಯಿತು. ಸಂಸತ್ತಿನ ಆವರಣದಲ್ಲಿ ಧ್ಯಾನಕ್ಕೆ ಕುಳಿತ 16 ಅಡಿಯ ಗಾಂಧಿ ಅವರದೇ; 1993ರ ಅಕ್ಟೋಬರ 2ರಂದು ಅನಾವರಣವಾಯಿತು. ಪದ್ಮಶ್ರೀ 1999ರಲ್ಲಿ, ಪದ್ಮಭೂಷಣ 2016ರಲ್ಲಿ ಬಂದವು. ಪ್ರಶಸ್ತಿಗಳ ಮಾತು ಇಷ್ಟು ಸಾಕು.

ಕಂಚಿನ ಮೂರ್ತಿ ಹೇಗಾಗುತ್ತದೆಂದು ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ; ಒಳಗೆಲ್ಲ ಗಟ್ಟಿ ಲೋಹವೆಂದೇ ತಿಳಿದಿರುತ್ತಾರೆ. ಮೊದಲು ಕಬ್ಬಿಣದ ಸರಳುಗಳ ಹಂದರ ಕಟ್ಟಿ ಅದರ ಮೇಲೆ ಹದವಾದ ಮಣ್ಣು ಮೆತ್ತಿ ಮೂರ್ತಿ ಮಾಡುವರು. ಶಿಲ್ಪಿಯ ನಿಜವಾದ ಕೆಲಸ ಇದೇ. ಅದರ ಮೇಲಿಂದ ಪ್ಲಾಸ್ಟರಿನ ಅಚ್ಚು ತೆಗೆದು, ಅಚ್ಚಿನಿಂದ ಮೇಣದ ಪ್ರತಿ, ಮೇಣದ ಮೇಲೆ ಬೆಂಕಿ ತಾಳುವ ಲೇಪ. ಕಾಯಿಸಿದಾಗ ಮೇಣ ಕರಗಿ ಹರಿದುಹೋಗುತ್ತದೆ. ಆ ಖಾಲಿ ಜಾಗಕ್ಕೆ ಕಾದ ಕಂಚು ಹೊಯ್ಯುವರು. ದೊಡ್ಡ ಮೂರ್ತಿಯಾದರೆ ತುಂಡು ತುಂಡಾಗಿ ಎರಕ ಹೊಯ್ದು ಬೆಸೆಯುವರು. ಹೊರಗೆ ಕಾಣುವ ಕಂಚು ತೆಳ್ಳಗಿನ ತೊಗಲು. ಭಾರ ಹೊರುವುದು ಒಳಗಿನ ಉಕ್ಕಿನ ಎಲುಬು.

ಆ ಎಲುಬಿನ ಮಾತು ಎಂಥದೆಂದು ಮಾಲವಣದಲ್ಲಿ ಎಲ್ಲರಿಗೂ ತಿಳಿಯಿತು. ಸಿಂಧುದುರ್ಗ ಜಿಲ್ಲೆಯ ರಾಜಕೋಟ ಕೋಟೆಯಲ್ಲಿ 2023ರ ಡಿಸೆಂಬರ 4ರಂದು ಅನಾವರಣವಾದ 35 ಅಡಿಯ ಶಿವಾಜಿ ಮಹಾರಾಜರ ಪ್ರತಿಮೆ 2024ರ ಆಗಸ್ಟ 26ರಂದು ಕುಸಿದುಬಿದ್ದಿತು. ಒಂಬತ್ತು ತಿಂಗಳೂ ನಿಲ್ಲಲಿಲ್ಲ. ಅದನ್ನು ಮಾಡಿದವರು ಬೇರೆಯವರು. ಸಮುದ್ರದ ಗಾಳಿ, ತುಕ್ಕು ಹಿಡಿದ ಬೋಲ್ಟುಗಳ ಮಾತು ಎಲ್ಲೆಡೆ ನಡೆಯಿತು, ರಾಜ್ಯವೇ ತಲೆತಗ್ಗಿಸಿತು. ಹೊಸದನ್ನು ಸುತಾರರ ಕಾರ್ಯಶಾಲೆಗೆ ವಹಿಸಿದರು. ಮಗ ಅನಿಲ ಸುತಾರರು ಬಹುಕಾಲದಿಂದ ತಂದೆಯ ಜೊತೆಗೇ ದುಡಿಯುತ್ತಿದ್ದವರು. 60 ಅಡಿಯ ಕಂಚಿನ ಹೊಸ ಪ್ರತಿಮೆ 2025ರಲ್ಲಿ ಎದ್ದು ನಿಂತಿತು. ಆಗ ತಂದೆಗೆ ನೂರು ವರ್ಷ.

ಗುಜರಾತಿನ ಸರದಾರ ಪಟೇಲರ ಮೂರ್ತಿಯನ್ನು ಎಲ್ಲರೂ ಬಲ್ಲರು; 2018ರ ಅಕ್ಟೋಬರ 31ರಂದು ಅನಾವರಣವಾದದ್ದು, 182 ಮೀಟರು. ಸುತಾರರು ಮೊದಲು 3 ಅಡಿಯ, ಬಳಿಕ 18 ಅಡಿಯ, ಬಳಿಕ 30 ಅಡಿಯ ಮಾದರಿ ಮಾಡಿದರು. ಅದನ್ನು ಯಂತ್ರದ ಕಣ್ಣಿನಿಂದ ಅಳೆದು ಬೆಳೆಸಿದರು. ಪಟೇಲರು ಧೋತರ ಉಟ್ಟು, ಚಪ್ಪಲಿ ಮೆಟ್ಟಿ, ನಡೆಯುವ ಭಂಗಿಯಲ್ಲಿರುವುದರಿಂದ ಬುಡ ಕಿರಿದು, ಮೇಲ್ಭಾಗ ಅಗಲ. ಯಂತ್ರಜ್ಞರಿಗೆ ಅದೇ ತಲೆನೋವು. ಗಾಳಿಗೆ ಓಲಾಡದಂತೆ ಒಳಗೆ ತಲಾ 250 ಟನ್ನಿನ ಎರಡು ತೂಕಗಳನ್ನು ಇಟ್ಟಿದ್ದಾರೆ. ಕಂಚಿನ ಫಲಕಗಳನ್ನು ಮಾತ್ರ ಚೀನಾದಲ್ಲಿ ಎರಕ ಹೊಯ್ಯಿಸಬೇಕಾಯಿತು. ಸಾವಿರ ವರ್ಷ ಕಂಚು ಹೊಯ್ದ ನಾಡಿಗೆ ಇದು ಸ್ವಲ್ಪ ನುಂಗಲಾರದ ತುತ್ತೇ.

ಬೆಂಗಳೂರಿನ ವಿಮಾನ ನಿಲ್ದಾಣದ ಹತ್ತಿರದ ಕೆಂಪೇಗೌಡರು 108 ಅಡಿ. 98 ಟನ್ನು ಕಂಚು, 120 ಟನ್ನು ಉಕ್ಕು, ಖಡ್ಗವೊಂದೇ 4 ಟನ್ನು. 2022ರ ನವೆಂಬರ 11ರಂದು ಅನಾವರಣವಾಯಿತು. 1537ರಲ್ಲಿ ಬೆಂಗಳೂರನ್ನು ಕಟ್ಟಿಸಿದ ನಾಡಪ್ರಭುವಿಗೆ ರೂಪ ಕೊಟ್ಟದ್ದು ಧುಳೆಯ ಬಡಿಗರ ಮನೆಯ ಕೈ. ಮೂರ್ತಿ ಮಾಡುವಾಗ ಆ ಕೈಗೆ ಕನ್ನಡ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಆದರೆ ಇಷ್ಟೆತ್ತರದ ಸ್ಮಾರಕ ನೋಡಬೇಕಾದರೆ ಬಸ್ಸಿನ ಚಾರ್ಜು ಬೇಕು. ಬಡವನ ಮನೆಗೂ ತಾನಾಗಿ ನಡೆದು ಬರುವ ಸ್ಮಾರಕವೊಂದಿದೆ, ಅದು ನಾಣ್ಯ. ಅದೂ ಶಿಲ್ಪವೇ, ಅದಕ್ಕೂ ಒಬ್ಬ ಶಿಲ್ಪಿ ಬೇಕು. ನಾಣ್ಯದ ಚಿತ್ರವನ್ನು ಹಿಂದಿನಿಂದ ದೊಡ್ಡ ತಟ್ಟೆಯಷ್ಟು ಅಗಲಕ್ಕೆ ಪ್ಲಾಸ್ಟರಿನಲ್ಲಿ ಉಬ್ಬಿಸಿ ಮಾಡಿ, ಯಂತ್ರದಿಂದ ಕುಗ್ಗಿಸಿ ಉಕ್ಕಿನ ಅಚ್ಚಿಗೆ ಇಳಿಸುತ್ತಿದ್ದರು. ಈಗ ಗಣಕಯಂತ್ರವೂ ಸೇರಿದೆ. ದೊಡ್ಡ ಮೂರ್ತಿಯವನ ಕಷ್ಟ ಎತ್ತರವಾದರೆ ನಾಣ್ಯದವನ ಕಷ್ಟ ತೆಳುವು. ಮೂಗು, ಕಿವಿ, ಕೆನ್ನೆಗಳನ್ನೆಲ್ಲ ಕೂದಲೆಳೆಯಷ್ಟು ದಪ್ಪದಲ್ಲಿ ತೋರಿಸಬೇಕು. ಮೂಗು ತುಸು ಹೆಚ್ಚು ಉಬ್ಬಿತೋ, ಜನರ ಬೆರಳಿಗೆ ತಾಗಿ ಮೊದಲು ಸವೆಯುವುದು ಅದೇ.

ಎರಡೂ ಕೆಲಸ ಮಾಡಿದ ಶಿಲ್ಪಿಯೊಬ್ಬರ ಕೆಲಸ ನಮ್ಮ ಅಜ್ಜಂದಿರ ಗಂಟಿನಲ್ಲಿಯೇ ಇತ್ತು. ಆಸ್ಟ್ರೇಲಿಯದ ಬರ್ಟ್ರಾಮ್ ಮ್ಯಾಕೆನಲ್ (1863–1931) ಲಂಡನ್ನಿನಲ್ಲಿ ದೊರೆ ಏಳನೆಯ ಎಡ್ವರ್ಡನ ಸ್ಮಾರಕ ಮಾಡಿದವರು. ಐದನೆಯ ಜಾರ್ಜನ ನಾಣ್ಯದ ಮುಖವೂ ಅವರದೇ. 1911ರ ಭಾರತದ ರೂಪಾಯಿಯಲ್ಲಿ ದೊರೆಯ ಮೈಮೇಲಿನ ಸರದಲ್ಲಿ ಒಂದು ಪುಟ್ಟ ಆನೆ ಇತ್ತು. ಸೊಂಡಿಲು ಗಿಡ್ಡವಾಗಿ ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ಗದ್ದಲವೆದ್ದಿತು. ಸರಕಾರ ನಾಣ್ಯವನ್ನು ಹಿಂದಕ್ಕೆ ತೆಗೆದುಕೊಂಡು, ಮರುವರ್ಷ ಆನೆಯನ್ನು ಆನೆಯಂತೆಯೇ ತಿದ್ದಿ ಹೊರಡಿಸಿತು. ನಾಣ್ಯ ಸಂಗ್ರಹಿಸುವವರು ಅದನ್ನು ಇಂದಿಗೂ ‘ಹಂದಿ ರೂಪಾಯಿ’ ಎನ್ನುತ್ತಾರೆ. ಸಾಸಿವೆಯಷ್ಟು ಗಾತ್ರದ ಸೊಂಡಿಲು ಸಾಮ್ರಾಜ್ಯವನ್ನು ನಡುಗಿಸಿತು!

ಸೊಲ್ಲಾಪುರದ ಕಡೆ ನಡೆಯುತ್ತಿದ್ದ ಆ ಇಂಗ್ಲಿಷರ ರೂಪಾಯಿಗೆ ನಮ್ಮ ಕಡೆ ಕಲದಾರ ಎಂಬ ಹೆಸರು. ನಿಜಾಮನ ಸೀಮೆಯಾದ ನಮ್ಮಲ್ಲಿ ನಡೆದದ್ದು ಹಾಲಿ ಸಿಕ್ಕಾ. ಅದರ ಮೇಲೆ ದೊರೆಯ ಮುಖವಿಲ್ಲ, ಚಾರಮಿನಾರದ ಚಿತ್ರ, ಬಾಗಿಲ ಕಮಾನಿನೊಳಗೆ ದೊರೆಯ ಹೆಸರಿನ ಒಂದೇ ಅಕ್ಷರ. ಏಳು ಹಾಲಿ ರೂಪಾಯಿಗೆ ಆರು ಕಲದಾರ ಎಂಬ ಲೆಕ್ಕ. ಸಂತೆಗೆ ಹೋಗುವ ನಮ್ಮ ಅಜ್ಜಿಯಂದಿರು ಸಾಲಿ ಕಲಿಯದೆಯೇ ಈ ತ್ರೈರಾಶಿ ಮಾಡುತ್ತಿದ್ದರು.

2006ರಲ್ಲಿ ಭಾರತ ಸರಕಾರ ಮಹಾತ್ಮಾ ಬಸವೇಶ್ವರರ ನಾಣ್ಯ ಹೊರಡಿಸಿತು. 100 ರೂಪಾಯಿಯದು ಸಂಗ್ರಹಕಾರರಿಗೆ, 5 ರೂಪಾಯಿಯದು ನಮ್ಮಂಥವರ ಕಿಸೆಗೆ. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು, ರಾಜ್ಯದ ಹೊನ್ನನ್ನು ಎಣಿಸಿದವರು. ಎಂಟು ನೂರು ವರ್ಷಗಳಾಚೆ ಅವರ ಮುಖವೇ ನಾಣ್ಯದ ಮೇಲೆ ಬಂದಿತು. ನಮ್ಮಿಂದ ತಾಸೊತ್ತಿನ ದಾರಿಯ ಬಸವಕಲ್ಯಾಣದಲ್ಲಿ 2012ರಿಂದ ಅವರ 108 ಅಡಿಯ ಮೂರ್ತಿಯಿದೆ. ನೀವೆಲ್ಲ ಸಹಲಿಗೆ ಹೋಗಿ ನೋಡಿದ್ದೀರಿ. ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಬಗೆದವರಿಗೆ ಯಾವುದು ಒಪ್ಪಿಗೆಯಾಗುತ್ತಿತ್ತು? ನಮ್ಮ ಮಟ್ಟಿಗೆ, ಕೈಯಿಂದ ಕೈಗೆ ನಡೆಯುವ ಐದು ರೂಪಾಯಿಯೇ ಹೆಚ್ಚು ಒಪ್ಪುತ್ತದೆ. ಅದರ ಮೇಲೆ ಹೆಸರು ಹಿಂದಿಯಲ್ಲಿದೆ, ಇಂಗ್ಲಿಷಿನಲ್ಲಿದೆ, ಕನ್ನಡದಲ್ಲಿಲ್ಲ ಎಂಬುದೊಂದು ಕೊರಗು.

ವಿದ್ಯಾರ್ಥಿಮಿತ್ರರೆ, ಯಾವುದೇ ನಾಣ್ಯ ಕೈಗೆ ಬಂದಾಗ ಇಸವಿಯ ಕೆಳಗೆ ನೋಡಿರಿ. ನಕ್ಷತ್ರವಿದ್ದರೆ ಹೈದರಾಬಾದಿನ ಟಂಕಸಾಲೆಯದು, ವಜ್ರಾಕೃತಿಯಿದ್ದರೆ ಮುಂಬಯಿಯದು, ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತೆಯದು. ಊರಿನ ಗುರುತಿದೆ, ಕೆತ್ತಿದವನ ಹೆಸರಿಲ್ಲ. 1840ರ ವಿಕ್ಟೋರಿಯಾ ರೂಪಾಯಿಯಲ್ಲಿ ರಾಣಿಯ ಕೊರಳಂಚಿಗೆ ವಿಲಿಯಂ ವಯನ್ ತನ್ನ ಹೆಸರಿನ ಎರಡಕ್ಷರ ಕೆತ್ತಿದ್ದ. ನಮ್ಮ ನಾಣ್ಯಗಳ ಶಿಲ್ಪಿಗಳಿಗೆ ಅಷ್ಟೂ ಜಾಗ ಸಿಗಲಿಲ್ಲ.

ಇನ್ನು ಹೊಟ್ಟೆಯ ಪ್ರಶ್ನೆ. ಮಹಾರಾಷ್ಟ್ರ ಸರಕಾರ ಪ್ರತಿವರ್ಷ ಎಲಿಮೆಂಟರಿ ಮತ್ತು ಇಂಟರ್‌ಮಿಡಿಯೇಟ ಎಂಬ ಎರಡು ಚಿತ್ರಕಲಾ ಪರೀಕ್ಷೆಗಳನ್ನು ನಡೆಸುತ್ತದೆ. ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ, ಭೂಮಿತಿ ಮತ್ತು ಅಕ್ಷರಲೇಖನ ಎಂಬ ವಿಷಯಗಳು. ಇಂಟರ್‌ಮಿಡಿಯೇಟ ಪಾಸಾದವರಿಗೆ ಹತ್ತನೆಯ ಇಯತ್ತೆಯಲ್ಲಿ ಹೆಚ್ಚಿನ ಅಂಕ ದೊರೆಯುತ್ತವೆ. ಕಲಾಶಾಲೆಯ ಬಾಗಿಲಿಗೂ ಇದೇ ಮೊದಲ ಮೆಟ್ಟಿಲು. ಕಲಬುರ್ಗಿಯ ಎಸ್. ಎಂ. ಪಂಡಿತರೂ (1916–1993) ಸುತಾರರು ಕಲಿತ ಅದೇ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಮುಂಬಯಿಯಲ್ಲೇ ಕುಂಚ ಹಿಡಿದು ಬದುಕಿ ಹೆಸರಾದರು. ಮಡಕೆಯ ನೆರಳು ಯಾವ ಕಡೆ ಬೀಳುತ್ತದೆಂದು ತೋರಿಸಲು ಮರಾಠಿಯೂ ಬೇಡ, ಕನ್ನಡವೂ ಬೇಡ. ಆದರೂ ನಮ್ಮ ಗಡಿ ಶಾಲೆಗಳಿಂದ ಫಾರ್ಮು ತುಂಬುವವರು ಕಡಿಮೆ.

ಎಂಟನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದಾನೆ, ಹೆಸರು ಬೇಡ. ತಂದೆ ಬಡಿಗ. ಒಂಬತ್ತು ಮುಗಿದೊಡನೆ ಪುಣೆಯ ಫರ್ನಿಚರ ಕೆಲಸಕ್ಕೆ ಕರೆದೊಯ್ಯುವ ವಿಚಾರದಲ್ಲಿದ್ದಾರೆ. ಹೋದ ಸಹಲಿನಲ್ಲಿ ಬಸವಕಲ್ಯಾಣದಿಂದ ಮುಂದೆ ಹುಮನಾಬಾದ ತಾಲೂಕಿನ ಜಲಸಂಗಿಗೆ ಹೋಗಿದ್ದೆವು. ಅಲ್ಲಿಯ ಗುಡಿಯ ಹೊರಗೋಡೆಯಲ್ಲಿ ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯಿದ್ದಾಳೆ. ಎಲ್ಲರೂ ಬುತ್ತಿ ಬಿಚ್ಚುವಷ್ಟರಲ್ಲಿ ಈ ಹುಡುಗ ಅವಳ ಬರೆಯುವ ಕೈಯನ್ನು ವಹಿಯ ಹಿಂಬದಿಗೆ ತೆಗೆದಿದ್ದ. ಪರೀಕ್ಷೆಯ ಫಾರ್ಮನ್ನೂ ಆ ವಹಿಯನ್ನೂ ಹಿಡಿದು ನಾವು ಅವರ ಮನೆಗೆ ಹೋದೆವು.

‘ಮಾಸ್ತರ್ರೆ, ಫೀಸಿನ ಮಾತಲ್ಲರಿ, ದಿನಾ ಕೂಲಿ ಬರೋ ಕೆಲಸ ಬಿಡಿಸಿ ಇದಕ್ಕ ಕೂಡಿಸ್ಲೇನ್ರಿ?’ ಎಂದರು ತಂದೆ. ಫಾರ್ಮನ್ನು ಪಕ್ಕಕ್ಕಿಟ್ಟರು. ವಹಿಯನ್ನು ಮಾತ್ರ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ‘ಹೆಬ್ಬಟ್ಟ ತಪ್ಪ್ಯಾದ ನೋಡ್ರಿ. ಇಷ್ಟು ಸೆಟಗೊಂಡ್ರ ಲೇಖಣಿಕಿ ಹ್ಯಾಂಗ ನಿಲ್ತದ?’ ಎನ್ನುತ್ತ ಕಿವಿಯ ಮೇಲಿದ್ದ ಚಪ್ಪಟೆ ಪೆನ್ಸಿಲನ್ನು ತೆಗೆದು, ಮಗನನ್ನು ಹತ್ತಿರ ಕರೆದು, ಮಗ್ಗುಲಲ್ಲಿ ಇನ್ನೊಂದು ಹೆಬ್ಬೆಟ್ಟನ್ನು ಬರೆಯತೊಡಗಿದರು.